ಪಿಎಚ್‌ಡಿ ಮುಗಿಯುತ್ತಿದೆ, ಕ್ಯಾನ್ಸರ್ ಔಷಧಿ ಸಂಶೋಧನೆಯಲ್ಲಿ ಪೋಸ್ಟ್‌ಡಾಕ್ ಮಾಡಬೇಕು: ಎಲ್ಲಿ, ಯಾರ ಹತ್ತಿರ, ಎಷ್ಟು ವರ್ಷ?

ತುಂಗಾತೀರ · ಭಾನುವಾರ, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಬರೆಯುತ್ತಿರುವುದು ಇದೇ ಮೊದಲು.

ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇನ್ನು ಮೂರು ತಿಂಗಳಲ್ಲಿ ಥೀಸಿಸ್ ಸಲ್ಲಿಸಬೇಕು. ವಯಸ್ಸು 30. ಪಶ್ಚಿಮ ಘಟ್ಟದ ಒಂದು ಗಿಡದ ಎಲೆಯಿಂದ ಎಕ್ಸ್‌ಟ್ರ್ಯಾಕ್ಟ್ (ಸಾರ) ತೆಗೆದು, ಅದನ್ನು ಮೂರು ಭಾಗ, ಅಂದರೆ ಮೂರು ಫ್ರ್ಯಾಕ್ಷನ್ ಮಾಡಿ, ಎಂಸಿಎಫ್-7 (ಸ್ತನ ಕ್ಯಾನ್ಸರ್) ಮತ್ತು ಹೀಲಾ (ಗರ್ಭಕೊರಳಿನ ಕ್ಯಾನ್ಸರ್) ಕೋಶಗಳ ಮೇಲೆ, ಕೋಶ ಬದುಕಿದೆಯಾ ಅಂತ ಬಣ್ಣದಿಂದ ತಿಳಿಸುವ ಎಂಟಿಟಿ ಪರೀಕ್ಷೆ ಮಾಡಿದ್ದೇನೆ. ಎರಡನೇ ಫ್ರ್ಯಾಕ್ಷನ್ ಕೋಶಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಮೂರನೆಯದು ಏನೂ ಮಾಡಲಿಲ್ಲ, ಅಲ್ಲಿಗೇ ಬಿಟ್ಟೆ. ಎರಡು ಪೇಪರ್ ಬಂದಿವೆ.

ಮುಂದೆ ಕ್ಯಾನ್ಸರ್ ಔಷಧಿ ಕಂಡುಹಿಡಿಯುವ ಕೆಲಸದಲ್ಲೇ ಪೋಸ್ಟ್‌ಡಾಕ್ ಮಾಡಬೇಕು ಅಂತ ಆಸೆ. ಎರಡು ತಿಂಗಳಲ್ಲಿ ಹೊರದೇಶದ 43 ಲ್ಯಾಬ್‌ಗಳಿಗೆ ಮೇಲ್ ಹಾಕಿದೆ. ಉತ್ತರ ಬಂದದ್ದು ಎರಡು. ಎರಡರಲ್ಲೂ ಸದ್ಯಕ್ಕೆ ಜಾಗ ಇಲ್ಲ ಅಂತಲೇ ಇತ್ತು.

"ಡಾಕ್ಟರೇಟ್ ಆದಮೇಲೂ ಇನ್ನೂ ಎಂಥದು ಓದೋದು ಪುಟ್ಟಿ?" ಅಂತ ಅಪ್ಪ ಕೇಳುತ್ತಾರೆ. ಅವರಿಗೆ ಏನು ಹೇಳಬೇಕು ಅಂತ ನನಗೇ ಗೊತ್ತಾಗುತ್ತಿಲ್ಲ. ಮದುವೆಯ ಮಾತೂ ನಡೆಯುತ್ತಿದೆ. ಈ ದಾರಿಯಲ್ಲಿ ನಡೆದವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಅಮೆರಿಕವೇ ಒಳ್ಳೆಯದಾ, ಯುರೋಪಾ, ಇಲ್ಲಾ ಬೆಂಗಳೂರಿನ ಕಂಪನಿ ಸೇರಿಬಿಡಲಾ? ನನ್ನ ಮೇಲ್‌ನಲ್ಲಿ ತಪ್ಪೇನಿರಬಹುದು?

ಚಾರ್ಲ್ಸ್ ದಂಡೆ · ಸೋಮವಾರ, ಬೆಳಿಗ್ಗೆ 7.05

ಸ್ವಾಗತ ಮೇಡಂ. ನಾನು ಬಾಸ್ಟನ್‌ನಲ್ಲಿ ಪೋಸ್ಟ್‌ಡಾಕ್, ಇದು ನಾಲ್ಕನೇ ವರ್ಷ. ಊರು ಚಿತ್ರದುರ್ಗದ ಕಡೆ.

ಮೊದಲು ನಿಮ್ಮ ಅಪ್ಪನ ಪ್ರಶ್ನೆ. ಪೋಸ್ಟ್‌ಡಾಕ್ ಅಂದರೆ ಓದು ಅಲ್ಲ, ಕೆಲಸ. ಸಂಬಳ ಬರುತ್ತದೆ, ಪರೀಕ್ಷೆ ಇರುವುದಿಲ್ಲ, ಸರ್ಟಿಫಿಕೇಟೂ ಇಲ್ಲ. ಪಿಎಚ್‌ಡಿಯಲ್ಲಿ ಗೈಡ್ ಕೊಟ್ಟ ಪ್ರಶ್ನೆಗೆ ಉತ್ತರ ಹುಡುಕುತ್ತೀರಿ. ಇಲ್ಲಿ ಪ್ರಶ್ನೆ ಹುಟ್ಟಿಸುವುದು ನೀವು, ಅದು ಸುಳ್ಳಾದರೆ ಒಪ್ಪಿಕೊಳ್ಳಬೇಕಾದವರೂ ನೀವು. ಅಪ್ಪನಿಗೆ ಹೀಗೆ ಹೇಳಿ: ಗಾರೆ ಕೆಲಸ ಕಲಿತಾಯಿತು, ಈಗ ದೊಡ್ಡ ಮೇಸ್ತ್ರಿಯ ಹತ್ತಿರ ಎರಡು ಮೂರು ವರ್ಷ ಇದ್ದು ನಾನೇ ಮನೆ ಕಟ್ಟುವಂತೆ ಆಗಬೇಕು.

ಇನ್ನು ಮೇಲ್ ವಿಷಯ. ಬೇಸರ ಮಾಡಿಕೊಳ್ಳಬೇಡಿ, ನಿಜ ಹೇಳುತ್ತೇನೆ. ನಮ್ಮ ಲ್ಯಾಬ್‌ಗೆ ಬರುವ ಅರ್ಜಿಗಳನ್ನು ಮೊದಲು ನೋಡುವುದು ನಾವು ಮೂರು ಜನ ಪೋಸ್ಟ್‌ಡಾಕ್‌ಗಳೇ. ವಾರಕ್ಕೆ ಎಂಟು ಹತ್ತು ಮೇಲ್ ಭಾರತದಿಂದಲೇ ಬರುತ್ತವೆ. ಅರ್ಧಕ್ಕರ್ಧ ಒಂದೇ ಥರ: ಈ ಗಿಡದ ಎಕ್ಸ್‌ಟ್ರ್ಯಾಕ್ಟ್, ಈ ಕೋಶ, ಎಂಟಿಟಿಯಲ್ಲಿ ಇಷ್ಟು ಐಸಿ50 (ಅರ್ಧದಷ್ಟು ಕೋಶಗಳನ್ನು ತಡೆಯಲು ಬೇಕಾದ ಪ್ರಮಾಣ). ಗಿಡ ಬೇರೆ, ಮಿಕ್ಕಿದ್ದೆಲ್ಲ ಅದೇ. ಕೆಲಸ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಓದಿದವರಿಗೆ ಒಂದು ಅನುಮಾನ ಬರುತ್ತದೆ: ಈ ಹುಡುಗಿ ತನ್ನ ಫಲಿತಾಂಶವನ್ನು ತಾನೇ ಒಮ್ಮೆಯಾದರೂ ಸುಳ್ಳು ಮಾಡಲು ನೋಡಿದ್ದಾಳಾ?

ನಮ್ಮ ಕೆಲಸದ ಜೀವ ಇರುವುದೇ ಅಲ್ಲಿ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ದೊಡ್ಡ ವಿಷಯ ಅಲ್ಲ, ಬ್ಲೀಚ್ ಹಾಕಿದರೂ ಸಾಯುತ್ತದೆ. ಯಾಕೆ ಸತ್ತಿತು ಅನ್ನುವುದೇ ಎಲ್ಲ. ಮೆಲ್ಕ್ ಅನ್ನುವ ಪ್ರೋಟೀನಿನ ಕಥೆ ಹೇಳುತ್ತೇನೆ. ಕ್ಯಾನ್ಸರ್ ಕೋಶಗಳು ಅದನ್ನೇ ನಂಬಿ ಬದುಕಿವೆ ಅಂತ ಎಷ್ಟೋ ಪೇಪರ್ ಇದ್ದವು. ಅದನ್ನು ತಡೆಯುವ ಔಷಧಿಯೊಂದು ರೋಗಿಗಳ ಮೇಲಿನ ಪ್ರಯೋಗಕ್ಕೂ ಹೋಗಿತ್ತು. 2017ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾ ಸಂಸ್ಥೆಯ ಜೇಸನ್ ಶೆಲ್ಟ್ಜರ್ ಅವರ ತಂಡ ಜೀನ್ ಕತ್ತರಿಸುವ ಕ್ರಿಸ್ಪರ್ ವಿಧಾನ ಬಳಸಿ ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿತು. ಕೋಶಗಳು ಮೊದಲಿನಂತೆಯೇ ಬೆಳೆದವು. ಔಷಧಿ ಹಾಕಿದರೆ ಮೆಲ್ಕ್ ಇಲ್ಲದ ಕೋಶಗಳೂ ಸತ್ತವು. ಅಂದರೆ ಔಷಧಿ ಬೇರೆ ಎಲ್ಲಿಗೋ ಹೊಡೆಯುತ್ತಿತ್ತು. 2019ರಲ್ಲಿ ಅದೇ ತಂಡ ಇನ್ನಷ್ಟು ಔಷಧಿಗಳನ್ನು ಹೀಗೇ ಪರೀಕ್ಷೆ ಮಾಡಿತು. ಅವೂ ತಮ್ಮ ಟಾರ್ಗೆಟ್ (ಔಷಧಿ ಹಿಡಿಯಬೇಕಾದ ಪ್ರೋಟೀನ್) ಅಂತ ಹೇಳಿದ್ದು ಇಲ್ಲದ ಕೋಶಗಳನ್ನೂ ಕೊಂದವು. ಒಂದರ ನಿಜವಾದ ಟಾರ್ಗೆಟ್ ಸಿಡಿಕೆ11 ಅನ್ನುವ ಬೇರೆ ಪ್ರೋಟೀನ್ ಅಂತ ಆಗ ಗೊತ್ತಾಯಿತು.

ನನಗೂ ಇದೇ ಆಯಿತು. ಒಂದು ಕೈನೇಸ್ (ಕೋಶದಲ್ಲಿ ಸಂಕೇತ ದಾಟಿಸುವ ಕಿಣ್ವ) ಮೇಲೆ 14 ತಿಂಗಳು ಕೆಲಸ ಮಾಡಿದ್ದೆ. ಅದನ್ನು ತಡೆಯುವ ಅಣು ಚೆನ್ನಾಗಿತ್ತು, ಕಂಪನಿಯೊಂದು ದುಡ್ಡೂ ಹಾಕಿತ್ತು. ಯಾಕೋ ಮನಸ್ಸು ತಡೆಯದೆ ಆ ಜೀನನ್ನು ತೆಗೆದು ಕೋಶಗಳನ್ನು ಹತ್ತು ದಿನ ಬೆಳೆಯಲು ಬಿಟ್ಟೆ. ಆಮೇಲೆ ಕೋಶಗಳಿಗೆ ಬಣ್ಣ ಹಿಡಿಸುವ ಕ್ರಿಸ್ಟಲ್ ವಯಲೆಟ್ ಹಾಕಿ, ನಲ್ಲಿ ಕೆಳಗೆ ತೊಳೆದು, ಟಿಶ್ಯೂ ಮೇಲೆ ಪ್ಲೇಟ್ ಬೋರಲು ಹಾಕಿದೆ. ಒಣಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಜೀನ್ ಇರುವ ಪ್ಲೇಟಿನಲ್ಲೂ ಇಲ್ಲದ ಪ್ಲೇಟಿನಲ್ಲೂ ಒಂದೇ ಸಮ ನೇರಳೆ ಚುಕ್ಕೆಗಳು. ಎಣಿಸುವ ಅಗತ್ಯವೇ ಇರಲಿಲ್ಲ, ಆ ಜೀನ್ ಇಲ್ಲದೆಯೂ ಕೋಶಗಳು ಅಷ್ಟೇ ಬೆಳೆದಿದ್ದವು. ಪ್ರಾಜೆಕ್ಟ್ ನಿಂತಿತು. ಬಾಸ್ ಒಂದು ವಾರ ನನ್ನ ಜತೆ ಜಾಸ್ತಿ ಮಾತಾಡಲಿಲ್ಲ. ಆಮೇಲೆ ಅವರೇ ಕರೆದು, ಇದನ್ನು ಮೊದಲ ತಿಂಗಳೇ ಮಾಡಿಸಬೇಕಿತ್ತು, ತಪ್ಪು ನನ್ನದು ಅಂದರು. ಈಗ ನಾನು ಎಲ್ಲಿ ಇಂಟರ್‌ವ್ಯೂಗೆ ಹೋದರೂ ಎಲ್ಲರೂ ಕೇಳುವುದು ಆ ಎರಡು ಪ್ಲೇಟಿನ ವಿಷಯವನ್ನೇ.

ನಿಮಗೆ ಒಂದು ಪ್ರಶ್ನೆ. ಕೋಶವೇ ಇಲ್ಲದ ವೆಲ್‌ಗೆ, ಅಂದರೆ ಪ್ಲೇಟಿನ ಪುಟ್ಟ ಗುಂಡಿಗೆ, ನಿಮ್ಮ ಫ್ರ್ಯಾಕ್ಷನ್ ಹಾಕಿ, ಎಂಟಿಟಿ ಹಾಕಿ ನೋಡಿದ್ದೀರಾ?

ತುಂಗಾತೀರ · ಸೋಮವಾರ, ರಾತ್ರಿ 9.40

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ.

ಇಲ್ಲ, ನೋಡಿಲ್ಲ. ನಮ್ಮಲ್ಲಿ ಹೋಲಿಕೆಗೆ ಇಡುವ ಬ್ಲ್ಯಾಂಕ್ ಅಂದರೆ ಬರೀ ಮೀಡಿಯಂ (ಕೋಶ ಬೆಳೆಸುವ ದ್ರವ) ಮತ್ತು ಎಂಟಿಟಿ. ಸೀನಿಯರ್‌ಗಳು ಬರೆದಿಟ್ಟ ಪ್ರೋಟೋಕಾಲ್‌ನಲ್ಲಿ ಅಷ್ಟೇ ಇದೆ. ಅದರಿಂದ ಏನು ಗೊತ್ತಾಗುತ್ತದೆ?

ಚಾರ್ಲ್ಸ್ ದಂಡೆ · ಸೋಮವಾರ, ರಾತ್ರಿ 10.15

ಎಂಟಿಟಿ ಹಳದಿ ಬಣ್ಣದ ಪುಡಿ ಅಲ್ವಾ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ನೇರಳೆ ಜಾಸ್ತಿ ಇದ್ದರೆ ಕೋಶ ಬದುಕಿದೆ ಅಂತ ನಾವು ಓದುತ್ತೇವೆ. ಆದರೆ ಗಿಡದಲ್ಲಿರುವ ಪಾಲಿಫಿನಾಲ್ ಅನ್ನುವ ರಾಸಾಯನಿಕಗಳು, ವಿಟಮಿನ್ ಸಿ, ಇವು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡುತ್ತವೆ. ನಿಮ್ಮ ಮೂರನೇ ಫ್ರ್ಯಾಕ್ಷನ್ ಏನೂ ಮಾಡಲಿಲ್ಲ ಅಂದಿರಲ್ಲ, ಅದು ಕೋಶಗಳನ್ನು ಕೊಂದೂ ಕೊಲ್ಲದಂತೆ ತೋರಿಸಿರಬಹುದು. ಖಾಲಿ ವೆಲ್ ಮಾಡಿ ನೋಡಿ. ಪಕ್ಕದಲ್ಲಿ ವಿಟಮಿನ್ ಸಿ ಒಂದು ಸಾಲು ಇಡಿ, ಹೋಲಿಸಲು.

ಪೀಣ್ಯದ ಕೆಮಿಸ್ಟ್ · ಮಂಗಳವಾರ, ಸಂಜೆ 6.30

ನಾನು ಬೆಂಗಳೂರಿನ ಔಷಧಿ ಸಂಶೋಧನಾ ಕಂಪನಿಯೊಂದರಲ್ಲಿ 16 ವರ್ಷದಿಂದ ಅಣು ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಗಿಡದ ಮೇಲೆ ಕೆಲಸ ಮಾಡಿದೆ ಅಂತ ನೀವು ಕುಗ್ಗಬೇಡಿ ತಂಗಿ.

ನಮ್ಮ ಘಟ್ಟದಲ್ಲೇ ದುರ್ವಾಸನೆ ಮರ ಅಂತ ಇದೆ, ನೀವು ನೋಡಿರಬಹುದು. ಅದರಲ್ಲಿ ಕ್ಯಾಂಪ್ಟೋಥೆಸಿನ್ ಅನ್ನುವ, ಕ್ಯಾನ್ಸರ್ ಕೋಶ ಕೊಲ್ಲುವ ಅಣು ಇದೆ. ಈ ಅಣುವನ್ನು 1966ರಲ್ಲಿ ವಾಲ್ ಮತ್ತು ವಾನಿ ಅನ್ನುವವರು ಚೀನಾದ ಒಂದು ಮರದಿಂದ ತೆಗೆದಿದ್ದರು. ಆಮೇಲೆ ನಮ್ಮ ಘಟ್ಟದ ಮರದಲ್ಲೂ ಸಿಕ್ಕಿತು. ಅದನ್ನು ಎಷ್ಟು ಕಡಿದು ಸಾಗಿಸಿದರು ಅಂದರೆ ಮರವೇ ಅಳಿವಿನ ಅಂಚಿಗೆ ಬಂತು. ಆ ಕಥೆಯಲ್ಲಿ ನಿಮಗೆ ಬೇಕಾದ ಪಾಠ ಇದೆ. 1970ರ ದಶಕದ ಆರಂಭದಲ್ಲಿ ಈ ಅಣುವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶಕ್ಕೆ ಪೆಟ್ಟು ಬಿತ್ತು, ಪ್ರಯೋಗ ನಿಂತಿತು. 1985ರಲ್ಲಿ ಲಿರಾಯ್ ಲಿಯು ಅವರ ಲ್ಯಾಬ್ ಇದು ಟೋಪೋಐಸೋಮರೇಸ್-1 ಅನ್ನುವ ಕಿಣ್ವವನ್ನು ಹಿಡಿಯುತ್ತದೆ ಅಂತ ತೋರಿಸಿತು. ಎಲ್ಲಿಗೆ ಹೊಡೆಯುತ್ತದೆ ಅಂತ ಗೊತ್ತಾದ ಮೇಲೆ ಕೆಮಿಸ್ಟ್‌ಗಳಿಗೆ ದಾರಿ ಕಂಡಿತು. 1996ರಲ್ಲಿ ಈ ಅಣುವನ್ನೇ ತಿದ್ದಿ ಮಾಡಿದ ಟೋಪೋಟೆಕಾನ್, ಇರಿನೋಟೆಕಾನ್ ಔಷಧಿಗಳೆರಡಕ್ಕೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಸ್ತನ ಕ್ಯಾನ್ಸರ್‌ಗೆ ಕೊಡುವ ಎನ್‌ಹರ್ಟು ಔಷಧಿಯಲ್ಲಿ ಆಂಟಿಬಾಡಿ ಬೆನ್ನ ಮೇಲೆ ಹೊತ್ತೊಯ್ಯುವುದೂ ಇದೇ ಕುಟುಂಬದ ಅಣುವನ್ನೇ.

ಇನ್ನೊಂದು ಕಡೆ ನಮ್ಮ ಅರಿಶಿನ ನೋಡಿ. ಅದರಲ್ಲಿರುವ ಕರ್ಕ್ಯುಮಿನ್ ಮೇಲೆ ಸಾವಿರಾರು ಪೇಪರ್ ಇವೆ. 2017ರಲ್ಲಿ ಕೆಮಿಸ್ಟ್‌ಗಳ ತಂಡವೊಂದು ಎಲ್ಲವನ್ನೂ ಕೂತು ಜಾಲಾಡಿತು. ಅದು ನೀರಿನಲ್ಲಿ ಬೇಗ ಒಡೆದುಹೋಗುತ್ತದೆ, ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಕೈಗೆ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು ಪರೀಕ್ಷೆಗಳನ್ನು ಮೋಸಗೊಳಿಸುತ್ತದೆ ಅಂತ ಬರೆದರು. ನನಗೆ ಅದನ್ನು ಓದಿ ನಿಜವಾಗಿ ಸಂಕಟ ಆಯಿತು. ಎಷ್ಟು ಮಕ್ಕಳ ಎಷ್ಟು ವರ್ಷ ಅದರ ಹಿಂದೆ ಹೋಯಿತು!

ಈಗ ಕಂಪನಿ ವಿಷಯ. ಬೆಂಗಳೂರಿನಲ್ಲಿ ಸಿಂಜೀನ್, ಆರಿಜೀನ್, ಜುಬಿಲೆಂಟ್ ಬಯೋಸಿಸ್, ಆಂಥೆಮ್ ಹೀಗೆ ಜಾಗಗಳಿವೆ. ಪೋಸ್ಟ್‌ಡಾಕ್ ಇಲ್ಲದೆಯೂ ತೆಗೆದುಕೊಳ್ಳುತ್ತಾರೆ. ಆದರೆ ಇಲ್ಲಿ ಕೆಲಸ ಚಕ್ರದ ಥರ ಸುತ್ತುತ್ತದೆ. ಅಣುವನ್ನು ಯೋಚಿಸು, ಮಾಡು, ಪರೀಕ್ಷಿಸು, ಫಲಿತಾಂಶ ನೋಡಿ ಮತ್ತೆ ಯೋಚಿಸು. ಬಯಾಲಜಿಯವರು ಗುರುವಾರ ಕೊಟ್ಟ ಸಂಖ್ಯೆಯ ಮೇಲೆ ನಾವು ಶುಕ್ರವಾರ ಹತ್ತು ಹೊಸ ಅಣು ಯೋಜಿಸುತ್ತೇವೆ. ಆ ಸಂಖ್ಯೆ ತಪ್ಪಾದರೆ ಹತ್ತು ಜನರ ತಿಂಗಳು ಹಾಳು. ಹಾಗಾಗಿ ನಾನು ಇಂಟರ್‌ವ್ಯೂನಲ್ಲಿ ಕೇಳುವುದು ಒಂದೇ: ನಿಮ್ಮ ಪರೀಕ್ಷೆ ನಿಮಗೆ ಯಾವಾಗ ಸುಳ್ಳು ಹೇಳಿತು? ಉತ್ತರ ಇದ್ದವರನ್ನು ತೆಗೆದುಕೊಳ್ಳುತ್ತೇನೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ವರ್ಷದ ಪೋಸ್ಟ್‌ಡಾಕ್ ಒಳ್ಳೆಯದು. ಆರು ಏಳು ವರ್ಷ ಮಾಡಿ ಬಂದವರಿಗೆ ಕಂಪನಿಯ ಓಟಕ್ಕೆ ಹೊಂದಿಕೊಳ್ಳಲು ಕಷ್ಟ ಆಗುವುದನ್ನು ನೋಡಿದ್ದೇನೆ. ಪ್ರೊಫೆಸರ್ ಆಗದಿದ್ದರೆ ಬದುಕು ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. ಯೆಲ್ಲಾಪ್ರಗಡ ಸುಬ್ಬರಾವ್ ಅವರಿಗೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಅನ್ನುವ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಮಾಡಿದ ಅಮಿನಾಪ್ಟೆರಿನ್ ಅನ್ನೇ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಟ್ಟಿದ್ದು. ಮೆಥೊಟ್ರೆಕ್ಸೇಟ್ ಬಂದಿದ್ದೂ ಅದೇ ಸಾಲಿನಲ್ಲಿ, ಇವತ್ತಿಗೂ ಆಸ್ಪತ್ರೆಗಳಲ್ಲಿ ಇದೆ.

ಹಾಸನದ ಹುಡುಗಿ · ಮಂಗಳವಾರ, ರಾತ್ರಿ 11.10

ನಾನು ಜರ್ಮನಿಯಲ್ಲಿ ನಾಲ್ಕು ವರ್ಷ ಪೋಸ್ಟ್‌ಡಾಕ್ ಮಾಡಿ ಹೋದ ವರ್ಷ ವಾಪಸ್ ಬಂದೆ. ಮದುವೆ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೋಗುವಾಗ ಮದುವೆಯಾಗಿ ಎಂಟು ತಿಂಗಳು. ಗಂಡ ಬೆಂಗಳೂರಿನ ಕೆಲಸ ಬಿಟ್ಟು ಬಂದರು, ಏಳು ತಿಂಗಳು ಕೆಲಸ ಸಿಗಲಿಲ್ಲ. ಆ ಚಳಿಗಾಲ ಬಹಳ ಕಷ್ಟ ಆಯಿತು. ಮಗು ಆದಾಗ ಮಾತ್ರ ಅಲ್ಲಿನ ವ್ಯವಸ್ಥೆ ಕೈ ಹಿಡಿಯಿತು. ಸಂಬಳ ಸರ್ಕಾರಿ ಶ್ರೇಣಿಯ ಪ್ರಕಾರ, ಹೆಚ್ಚಿನ ಕಡೆ ಇ13 ಅನ್ನುವ ದರ್ಜೆ. ಬಾಸ್ ಮನಸ್ಸು ಬಂದಂತೆ ಕಡಿಮೆ ಮಾಡಲು ಆಗುವುದಿಲ್ಲ. ಹೆರಿಗೆ ರಜೆಯಲ್ಲಿ ನನ್ನ ಕೋಶಗಳನ್ನು ಪಕ್ಕದ ಬೆಂಚಿನ ಗೆಳತಿ ಸಾಕಿದಳು. ದಿನಾ ಸಂಜೆ ಫ್ಲಾಸ್ಕಿನ ಫೋಟೋ ಕಳಿಸುತ್ತಿದ್ದಳು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಫೋನು, "ನಾಳೆ ಸ್ಪ್ಲಿಟ್ ಮಾಡು" (ಕೋಶಗಳನ್ನು ಬೇರೆ ಫ್ಲಾಸ್ಕಿಗೆ ಹಂಚು) ಅಂತ ಟೈಪ್ ಮಾಡಿದ್ದು ಇನ್ನೂ ನೆನಪಿದೆ.

ಅಲ್ಲಿ ಒಂದು ಕಾನೂನು ಇದೆ. ಡಾಕ್ಟರೇಟ್ ಆದಮೇಲೆ ಸಾಮಾನ್ಯವಾಗಿ ಆರು ವರ್ಷ ಮಾತ್ರ ಹೀಗೆ ತಾತ್ಕಾಲಿಕ ಒಪ್ಪಂದದ ಮೇಲೆ ಇಟ್ಟುಕೊಳ್ಳಬಹುದು. ಮಕ್ಕಳಿದ್ದರೆ ಒಂದು ಮಗುವಿಗೆ ಎರಡು ವರ್ಷ ಸೇರುತ್ತದೆ. ಇದು ಹೋಗುವ ಮೊದಲೇ ಗೊತ್ತಿರಬೇಕು.

ಯುರೋಪಿಗೆ ಹೋಗುವುದಾದರೆ ಯುರೋಪಿಯನ್ ಒಕ್ಕೂಟ ಕೊಡುವ ಮರೀ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಬರೆಯಿರಿ. ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ ಇರಬೇಕು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನೀವು ಭಾರತದಲ್ಲೇ ಇದ್ದೀರಿ, ತೊಂದರೆ ಇಲ್ಲ. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ. ಏಪ್ರಿಲ್ ಹೊತ್ತಿಗೇ ಲ್ಯಾಬ್ ಜತೆ ಮಾತು ಶುರು ಮಾಡಿ. ಎಂಬೋ (ಯುರೋಪಿನ ಜೀವವಿಜ್ಞಾನ ಸಂಘಟನೆ) ಫೆಲೋಶಿಪ್‌ಗೆ ಮಾತ್ರ ಸಮಯ ಕಡಿಮೆ, ಪಿಎಚ್‌ಡಿ ಆಗಿ ಎರಡು ವರ್ಷದೊಳಗೆ ಹಾಕಬೇಕು. ಫೆಲೋಶಿಪ್ ಬರೆಯೋಣ, ಜತೆಗೆ ಬರೆಯುತ್ತೀರಾ ಅಂತ ಕೇಳಿದ ಮೇಲ್‌ಗೆ ಉತ್ತರ ಬರುವುದು ಜಾಸ್ತಿ. ಖಾಲಿ ಜಾಗ ಇದೆಯಾ ಅಂತ ಕೇಳಿದ್ದಕ್ಕೆ ಬರುವುದು ಕಡಿಮೆ. ನನ್ನ ಅನುಭವ ಇದು.

ಮತ್ತೆ ಒಂದು ಮಾತು. ಲ್ಯಾಬ್ ಒಪ್ಪಿಕೊಳ್ಳುವ ಮುಂಚೆ ಅಲ್ಲಿಂದ ಹೊರಬಂದ ಇಬ್ಬರ ಹತ್ತಿರ ಮಾತಾಡಿ. ಈಗ ಇರುವವರು ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಬಿಟ್ಟುಹೋದವರು ಈಗ ಎಲ್ಲಿದ್ದಾರೆ, ಎಷ್ಟು ವರ್ಷಕ್ಕೆ ಹೊರಬಂದರು, ಹೊರಡುವಾಗ ತಮ್ಮ ಪ್ರಾಜೆಕ್ಟ್ ಜತೆಗೆ ತೆಗೆದುಕೊಂಡು ಹೋಗಲು ಬಿಟ್ಟರಾ, ಇಷ್ಟು ಕೇಳಿ ಸಾಕು.

ಯಶವಂತಪುರ ಲೋಕಲ್ · ಬುಧವಾರ, ಬೆಳಿಗ್ಗೆ 8.50

ಇಲ್ಲೇ ಇರುವ ದಾರಿಯನ್ನೂ ಯಾರಾದರೂ ಹೇಳಬೇಕಲ್ವಾ.

ಕೇಂದ್ರ ಸರ್ಕಾರದ ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ಸಂಬಳ 2023ರ ಜನವರಿಯಿಂದ ಮೂರು ಹಂತ: ತಿಂಗಳಿಗೆ 58,000, 61,000, 67,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ರಿಸರ್ಚ್ ಅಸೋಸಿಯೇಟ್ ಯೋಜನೆಯನ್ನು ನಡೆಸುವುದು ನಮ್ಮ ಐಐಎಸ್‌ಸಿ. ಮುಂದೆ ಸ್ವಂತ ಗುಂಪು ಕಟ್ಟಲು ಇನ್‌ಸ್ಪೈರ್ ಫ್ಯಾಕಲ್ಟಿ ಇದೆ, ಹೊರಗಿನಿಂದ ವಾಪಸ್ ಬರುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ. ಎರಡೂ ಐದು ವರ್ಷದ್ದು. ವಯಸ್ಸಿನ ಮಿತಿಯನ್ನು ಈಗಲೇ ನೋಡಿಟ್ಟುಕೊಳ್ಳಿ, ಆಮೇಲೆ ನೋಡಿ ಅತ್ತವರು ನನಗೆ ಗೊತ್ತು.

ಕಷ್ಟವನ್ನೂ ಹೇಳುತ್ತೇನೆ. ನನಗೆ ಒಂದು ಸಂಸ್ಥೆಯಲ್ಲಿ ಐದು ತಿಂಗಳು ಫೆಲೋಶಿಪ್ ದುಡ್ಡು ಬರಲಿಲ್ಲ. ಪಿಜಿಯ ಬಾಡಿಗೆಗೆ ತಮ್ಮನ ಹತ್ತಿರ ಸಾಲ ಮಾಡಿದೆ. ಆ ನಾಚಿಕೆ ಯಾವ ಸಂಶೋಧಕರಿಗೂ ಬರಬಾರದು. ಇಲ್ಲಿ ಸೇರುವುದಾದರೆ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಸೇರಿ.

ಆದರೂ ಇಲ್ಲಿ ಕೆಲಸ ಆಗುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ರೋಗಿಯ ರಕ್ತದ ಟಿ-ಕೋಶಗಳನ್ನೇ ತೆಗೆದು, ತಿದ್ದಿ, ವಾಪಸ್ ಕೊಡುವ ಚಿಕಿತ್ಸೆ. ಹೊರಗೆ ಇದಕ್ಕೆ ಕೋಟಿಗಟ್ಟಲೆ ಆಗುತ್ತದೆ. ಆ ಬೆಂಚುಗಳಲ್ಲೂ ನಿಮ್ಮಂಥವರೇ ಕೂತಿದ್ದರು.

ಚಾರ್ಲ್ಸ್ ದಂಡೆ · ಬುಧವಾರ, ರಾತ್ರಿ 9.30

ಅಮೆರಿಕದ ಲೆಕ್ಕ ನಾನು ಹೇಳುತ್ತೇನೆ. ಇಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2025ಕ್ಕೆ ನಿಗದಿ ಮಾಡಿದ ಮೊದಲ ವರ್ಷದ ಪೋಸ್ಟ್‌ಡಾಕ್ ಸ್ಟೈಪೆಂಡ್ ವರ್ಷಕ್ಕೆ 62,232 ಡಾಲರ್. ಹಲವು ಕಡೆ ಇದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ರೂಪಾಯಿಗೆ ಗುಣಿಸಿ ನೋಡಬೇಡಿ. ಬಾಸ್ಟನ್‌ನಲ್ಲಿ ನನ್ನ ಸಂಬಳದ ಹತ್ತಿರ ಹತ್ತಿರ ಅರ್ಧ ಬಾಡಿಗೆಗೇ ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಸಂಶೋಧಕರು ಮತ್ತು ಬೋಧಕರು ಮುಷ್ಕರ ಹೂಡಿದ ಮೇಲೆಯೇ ಸಂಬಳದ ಮಾತು ಎಲ್ಲ ಕಡೆ ಜೋರಾಯಿತು.

ವೀಸಾ ಸಾಮಾನ್ಯವಾಗಿ ಜೆ-1, ಅಂದರೆ ವಿನಿಮಯ ಸಂದರ್ಶಕರ ವೀಸಾ. ಮೊದಲು ನಮ್ಮವರಲ್ಲಿ ಬಹಳ ಜನರಿಗೆ ಎರಡು ವರ್ಷ ಊರಲ್ಲಿ ಇದ್ದೇ ಮುಂದಿನ ವೀಸಾ ಅನ್ನುವ ನಿಯಮ ಬೀಳುತ್ತಿತ್ತು. 2024ರ ಡಿಸೆಂಬರ್‌ನಲ್ಲಿ, ಆ ನಿಯಮ ಯಾವ ದೇಶದವರಿಗೆ ಅಂತ ಹೇಳುವ ಕೌಶಲಗಳ ಪಟ್ಟಿಯಿಂದ ಭಾರತವನ್ನು ತೆಗೆದರು. ಸರ್ಕಾರದ ದುಡ್ಡಿನಲ್ಲಿ ಹೋದರೆ ಈಗಲೂ ಬೀಳಬಹುದು, ನಿಮ್ಮ ಕಾಗದ ಓದಿಕೊಳ್ಳಿ. ಇನ್ನೊಂದು ಕಡೆ 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಅದೇ ವರ್ಷ ಎಷ್ಟೋ ಸಂಶೋಧನಾ ಅನುದಾನಗಳನ್ನು ನಡುವೆಯೇ ನಿಲ್ಲಿಸಿದರು. ನಮ್ಮ ಮಹಡಿಯಲ್ಲೇ ಇಬ್ಬರು ಪೋಸ್ಟ್‌ಡಾಕ್‌ಗಳು ಹೊರಟುಹೋದರು. ಒಬ್ಬಳ ಇಲಿಗಳನ್ನು ಯಾರು ನೋಡಿಕೊಳ್ಳಬೇಕು ಅಂತ ಗೊತ್ತಾಗದೆ ನಾವೆಲ್ಲ ಕಾರಿಡಾರಿನಲ್ಲಿ ನಿಂತಿದ್ದೆವು. ಆದ್ದರಿಂದ ಈಗ ಅಮೆರಿಕದ ಲ್ಯಾಬ್‌ಗೆ ಬರೆಯುವಾಗ ಒಂದು ಪ್ರಶ್ನೆ ನಾಚಿಕೆ ಇಲ್ಲದೆ ಕೇಳಿ: ನನ್ನ ಸಂಬಳ ಯಾವ ಅನುದಾನದಿಂದ, ಅದು ಯಾವ ತಿಂಗಳವರೆಗೆ ಇದೆ?

ಪ್ರೊಫೆಸರ್ ಆಗುವ ಆಸೆ ಇದ್ದರೆ ಕೆ99 ಅನ್ನುವ ಅನುದಾನ ಇದೆ, ಹೊರದೇಶದವರೂ ಹಾಕಬಹುದು. ಆದರೆ ಪಿಎಚ್‌ಡಿ ಆದಮೇಲಿನ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ದಾಟಿರಬಾರದು. ಗಡಿಯಾರ ಮೊದಲ ದಿನದಿಂದಲೇ ಓಡುತ್ತದೆ. ನನ್ನದು ಮುಗಿಯುತ್ತಾ ಬಂತು.

ಅಪ್ಪನ ಮಗ · ಗುರುವಾರ, ಮಧ್ಯಾಹ್ನ 1.15

ನಾನು ವಿಜ್ಞಾನದವನಲ್ಲ, ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಕ್ಯಾನ್ಸರ್ ಅಂತ ಹುಡುಕುವಾಗ ಈ ಚರ್ಚೆ ಸಿಕ್ಕಿತು. ಪೂರ್ತಿ ಓದಿದೆ, ಅರ್ಧ ಅರ್ಥ ಆಯಿತು.

ನಮ್ಮ ಅಪ್ಪನಿಗೆ ಏಳು ವರ್ಷದ ಹಿಂದೆ ಸಿಎಂಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್) ಅಂತ ಗೊತ್ತಾಯಿತು. ದಿನಾ ಊಟ ಆದಮೇಲೆ ಇಮಾಟಿನಿಬ್ 400 ಮಿಲಿಗ್ರಾಂ ಒಂದು ಮಾತ್ರೆ. ಈಗಲೂ ಬೆಳಿಗ್ಗೆ ಅಂಗಡಿ ಬಾಗಿಲು ಅವರೇ ತೆಗೆಯುತ್ತಾರೆ. ಆ ಮಾತ್ರೆ ಮಾಡಿದವರು ನಿಮ್ಮಂಥವರೇ ಅಲ್ವಾ? ಅದು ಹೇಗೆ ಆಯಿತು ಅಂತ ಯಾರಾದರೂ ಹೇಳುತ್ತೀರಾ?

ಪೀಣ್ಯದ ಕೆಮಿಸ್ಟ್ · ಗುರುವಾರ, ರಾತ್ರಿ 8.00

ಸರ್, ನಿಮ್ಮ ಅಪ್ಪ ಬಾಗಿಲು ತೆಗೆಯುತ್ತಾರೆ ಅನ್ನುವ ಮಾತನ್ನು ನಮ್ಮ ಇಡೀ ಗುಂಪಿಗೆ ಓದಿ ಹೇಳಿದೆ.

ಇದು 40 ವರ್ಷದ ಕೆಲಸ. 1960ರಲ್ಲಿ ಫಿಲಡೆಲ್ಫಿಯಾದ ಇಬ್ಬರು ಈ ಕಾಯಿಲೆಯವರ ರಕ್ತದಲ್ಲಿ ಒಂದು ಮೋಟು ಕ್ರೋಮೋಸೋಮ್ ನೋಡಿದರು. 1973ರಲ್ಲಿ ಜಾನೆಟ್ ರೌಲಿ, ಎರಡು ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಹೀಗಾಗಿದೆ ಅಂತ ಕಂಡುಕೊಂಡರು. ಆ ಅದಲುಬದಲಿನಿಂದ ಬಿಸಿಆರ್-ಏಬಿಎಲ್ ಅನ್ನುವ ಕೆಟ್ಟ ಪ್ರೋಟೀನ್ ಹುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ (ಆಮೇಲೆ ಅದು ನೊವಾರ್ಟಿಸ್ ಆಯಿತು) ನಿಕೊಲಸ್ ಲೈಡನ್ ಅವರ ಗುಂಪು, ಕೆಮಿಸ್ಟ್ ಯುರ್ಗ್ ಝಿಮ್ಮರ್‌ಮಾನ್, ಅದನ್ನು ತಡೆಯುವ ಅಣು ಕಟ್ಟಿದರು. ಮೊದಲು ಅಣು ಬೇರೆ ಕೈನೇಸ್‌ಗಳನ್ನೂ ಹಿಡಿಯುತ್ತಿತ್ತು. ಒಂದು ಮೂಲೆಗೆ ಒಂದೇ ಒಂದು ಮಿಥೈಲ್ ಸೇರಿಸಿದರು. ಅಣು ಸ್ವಲ್ಪ ತಿರುಗಿತು, ಬೇಡದ್ದರ ಕೈ ಬಿಟ್ಟಿತು, ಬೇಕಾದ್ದರ ಹಿಡಿತ ಉಳಿಯಿತು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಚೆಂದದ ವಿಷಯ ನನಗೆ ಗೊತ್ತಿಲ್ಲ. ಅದನ್ನು ರೋಗಿಗಳ ತನಕ ಹಟ ಹಿಡಿದು ತಂದವರು ಡಾಕ್ಟರ್ ಬ್ರಯಾನ್ ಡ್ರೂಕರ್. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಈ ಔಷಧಿಗೆ ನೊವಾರ್ಟಿಸ್ ಕೇಳಿದ ಪೇಟೆಂಟ್ ಇಲ್ಲ ಅಂದಿತು. ನಿಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಭಾರತದ ಕಂಪನಿಗಳ ಮಾತ್ರೆ ಕಡಿಮೆ ಬೆಲೆಗೆ ಸಿಗುವುದಕ್ಕೆ ಆ ತೀರ್ಪೂ ಕಾರಣ.

ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಅಂತ ಅಪ್ಪನಿಗೆ ಹೇಳಿ.

ತುಂಗಾತೀರ · ಭಾನುವಾರ, ಸಂಜೆ 5.45

ಖಾಲಿ ವೆಲ್ ಮಾಡಿದೆ. ಮೂರು ಫ್ರ್ಯಾಕ್ಷನ್, ಪಕ್ಕದಲ್ಲಿ ವಿಟಮಿನ್ ಸಿ, ಕೋಶ ಎಲ್ಲೂ ಇಲ್ಲ. ಇನ್‌ಕ್ಯುಬೇಟರ್‌ನಲ್ಲಿ ಮೂರು ಗಂಟೆ ಇಟ್ಟು ತೆಗೆದೆ. ಎರಡನೇ ಫ್ರ್ಯಾಕ್ಷನ್ ಸಾಲು ಹಳದಿಯಾಗಿಯೇ ಇತ್ತು. ಮೂರನೆಯದರ ಸಾಲು ವಿಟಮಿನ್ ಸಿ ಥರವೇ ನೇರಳೆ. ಪ್ಲೇಟ್ ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ನಿಂತಿದ್ದೆ.

ಆಮೇಲೆ ಕೋಶಗಳಿಗೆ ಮೂರನೇ ಫ್ರ್ಯಾಕ್ಷನ್ ಹಾಕಿ, 48 ಗಂಟೆ ಬಿಟ್ಟು, ಸತ್ತ ಕೋಶಕ್ಕೆ ಮಾತ್ರ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಬದುಕಿರುವ ಕೋಶಗಳನ್ನು ಕೈಯಲ್ಲೇ ಎಣಿಸಿದೆ. ಏನೂ ಹಾಕದ ವೆಲ್‌ನಲ್ಲಿ ನೂರು ಇದ್ದರೆ ಇದರಲ್ಲಿ ಮೂವತ್ತೂ ಇಲ್ಲ. ಏನೂ ಮಾಡಲ್ಲ ಅಂತ ನಾನು ಥೀಸಿಸ್‌ನಲ್ಲಿ ಬರೆದ ಫ್ರ್ಯಾಕ್ಷನ್ನೇ ಜಾಸ್ತಿ ಕೊಲ್ಲುತ್ತಿದೆ! ಇದೇ ಒಳ್ಳೆಯ ಔಷಧಿ ಇರಬಹುದಾ ಸರ್?

ಚಾರ್ಲ್ಸ್ ದಂಡೆ · ಭಾನುವಾರ, ರಾತ್ರಿ 8.20

ಶಭಾಷ್ ಮೇಡಂ. ಮನಸ್ಸು ತುಂಬಿತು.

ಆದರೆ ತಾಳಿ. ಎಂಟಿಟಿಯನ್ನು ಅಷ್ಟು ಬೇಗ ನೇರಳೆ ಮಾಡುವ ಪಾಲಿಫಿನಾಲ್‌ಗಳು ಎಷ್ಟೋ ಸಲ ಮೀಡಿಯಂನಲ್ಲಿ ಗಾಳಿ ತಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೋಶ ಸಾಯುತ್ತಿರುವುದು ಅದರಿಂದ ಇರಬಹುದು, ನಿಮ್ಮ ಅಣು ನೇರವಾಗಿ ಕೊಂದದ್ದಲ್ಲದಿರಬಹುದು. ಪ್ಲೇಟಿನಲ್ಲಿ ಆಗುವುದು ದೇಹದಲ್ಲಿ ಹಾಗೇ ಆಗುತ್ತದೆ ಅಂತ ನಂಬುವಂತಿಲ್ಲ. ನಿಮ್ಮ ಲ್ಯಾಬ್‌ನಲ್ಲಿ ಕ್ಯಾಟಲೇಸ್ ಇದ್ದೇ ಇರುತ್ತದೆ. ಅದು ಪೆರಾಕ್ಸೈಡನ್ನು ಒಡೆದುಹಾಕುತ್ತದೆ. ಫ್ರ್ಯಾಕ್ಷನ್ ಜತೆ ಕ್ಯಾಟಲೇಸ್ ಒಂದು ಸಾಲು, ಕುದಿಸಿ ಕೆಡಿಸಿದ ಕ್ಯಾಟಲೇಸ್ ಇನ್ನೊಂದು ಸಾಲು. ಎರಡನೇ ಫ್ರ್ಯಾಕ್ಷನ್‌ಗೂ ಇದನ್ನೇ ಮಾಡಿ. ಆಗಲಿ ಬಿಡಲಿ, ಬಂದದ್ದನ್ನು ಬರೆಯಿರಿ.

ತುಂಗಾತೀರ · ಶನಿವಾರ, ರಾತ್ರಿ 11.30

ಮೂರು ಸಲ ಮಾಡಿದೆ. ಮೂರನೇ ಫ್ರ್ಯಾಕ್ಷನ್ ಜತೆ ಕ್ಯಾಟಲೇಸ್ ಹಾಕಿದರೆ ಕೋಶಗಳು ಸಾಯುವುದೇ ಇಲ್ಲ. ಕುದಿಸಿದ್ದು ಹಾಕಿದರೆ ಸಾಯುತ್ತವೆ. ನೀವು ಹೇಳಿದ್ದೇ ನಿಜ, ಅದು ಪೆರಾಕ್ಸೈಡ್. ಎರಡನೇ ಫ್ರ್ಯಾಕ್ಷನ್ ಮಾತ್ರ ಕ್ಯಾಟಲೇಸ್ ಇದ್ದರೂ ಕೊಲ್ಲುತ್ತದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ಈಗ ರಾತ್ರಿ ನಿದ್ದೆ ಬರುತ್ತಿಲ್ಲ.

ಗೈಡ್‌ಗೆ ತೋರಿಸಿದೆ. ಮೊದಲು ಸುಮ್ಮನಿದ್ದರು. ಆಮೇಲೆ, ಥೀಸಿಸ್‌ನಲ್ಲಿ ಒಂದು ಅಧ್ಯಾಯ ಸೇರಿಸು, ಒಂದು ತಿಂಗಳು ತಡ ಆದರೂ ಪರವಾಗಿಲ್ಲ ಅಂದರು. ಕೋಶಗಳ ಗುರುತು ಪರೀಕ್ಷೆಗೂ ಕಳಿಸಲು ಒಪ್ಪಿದರು. ನಮ್ಮ ಎಂಸಿಎಫ್-7 ನಿಜವಾಗಿ ಎಂಸಿಎಫ್-7 ಹೌದಾ, ಹೀಲಾ ಬೆರೆತಿದೆಯಾ ಅಂತ ಈ ತನಕ ಯಾರೂ ನೋಡಿರಲಿಲ್ಲ.

ಹೊಸ ಮೇಲ್ ಬರೆದಿದ್ದೇನೆ. ಈ ಸಲ 43 ಲ್ಯಾಬ್ ಅಲ್ಲ, ಐದೇ. ನಿಸರ್ಗದಲ್ಲಿ ಸಿಗುವ ಅಣುಗಳ ಟಾರ್ಗೆಟ್ ಹುಡುಕುವ ಲ್ಯಾಬ್‌ಗಳು. ಮೂರು ಯುರೋಪಿನಲ್ಲಿ, ಒಂದು ಅಮೆರಿಕದಲ್ಲಿ, ಒಂದು ಬೆಂಗಳೂರಿನಲ್ಲಿ. ಮೊದಲ ಪ್ಯಾರಾ ಕನ್ನಡದಲ್ಲಿ ಹೀಗಿದೆ, ನೋಡಿ ಹೇಳಿ:

"ನನ್ನ ಥೀಸಿಸ್‌ನ ಒಂದು ಫಲಿತಾಂಶ ತಪ್ಪಾಗಿತ್ತು. ಅದನ್ನು ಕೋಶವಿಲ್ಲದ ವೆಲ್ ಮತ್ತು ಕ್ಯಾಟಲೇಸ್ ಬಳಸಿ ನಾನೇ ಕಂಡುಕೊಂಡೆ. ಇನ್ನೊಂದು ಫ್ರ್ಯಾಕ್ಷನ್ ಈ ಪರೀಕ್ಷೆಗಳನ್ನು ದಾಟಿ ನಿಂತಿದೆ. ಅದು ಕೋಶದೊಳಗೆ ಯಾವ ಪ್ರೋಟೀನಿಗೆ ಅಂಟುತ್ತದೆ ಅಂತ ಹುಡುಕುವ ವಿಧಾನಗಳನ್ನು ನಿಮ್ಮ ಲ್ಯಾಬ್‌ನಲ್ಲಿ ಕಲಿಯಬೇಕು ಅಂತ ನನ್ನ ಆಸೆ. ಇದಕ್ಕಾಗಿ ಮರೀ ಕ್ಯೂರಿ ಫೆಲೋಶಿಪ್ ಬರೆಯಲು ಸಿದ್ಧಳಿದ್ದೇನೆ."

ಹಾಸನದ ಹುಡುಗಿ · ಭಾನುವಾರ, ಬೆಳಿಗ್ಗೆ 7.15

ಚೆನ್ನಾಗಿದೆ ಕಣೇ. ಕೊನೆಯ ಸಾಲನ್ನು ಯುರೋಪಿನ ಮೂರಕ್ಕೆ ಮಾತ್ರ ಇಡು, ಉಳಿದ ಎರಡಕ್ಕೆ ಬದಲಿಸು. ಕ್ಯಾಟಲೇಸ್ ಪ್ಲೇಟಿನ ಚಿತ್ರವನ್ನೂ ಲಗತ್ತಿಸು.

ಪೀಣ್ಯದ ಕೆಮಿಸ್ಟ್ · ಭಾನುವಾರ, ಬೆಳಿಗ್ಗೆ 9.00

ಎರಡನೇ ಫ್ರ್ಯಾಕ್ಷನ್ ಫ್ರೀಜರ್‌ನಲ್ಲಿ ಎಷ್ಟು ಮಿಲಿಗ್ರಾಂ ಉಳಿದಿದೆ ತಂಗಿ? ಅದರಲ್ಲಿ ಎಷ್ಟು ಅಣು ಬೆರೆತಿವೆ ಅಂತ ಮೊದಲು ನೋಡಬೇಕು. ನಿಮ್ಮ ಗೈಡ್ ಒಪ್ಪಿದರೆ ಎಲ್‌ಸಿ-ಎಂಎಸ್ (ಅಣುಗಳನ್ನು ಬೇರೆ ಮಾಡಿ ತೂಕ ಅಳೆಯುವ ಯಂತ್ರ) ಗ್ರಾಫ್ ಇಲ್ಲಿ ಹಾಕಿ, ಕೂತು ಓದೋಣ.